ಹಕ್ಕಿಯ ಎಲ್ಲೆ, ವೀಕ್ಷಕನ ಎಲ್ಲೆ : ಪ್ರಭೇದಗಳ ವ್ಯಾಪ್ತಿಯ ನಕ್ಷೆಗಳಲ್ಲಿ ಪ್ರತಿಚಯನ ದೋಷದ ವಿಚಾರ

ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರ, ಭೂಗೋಳಶಾಸ್ತ್ರಗಳ ಸ್ನಾತಕೋತ್ತರ ವಿದ್ಯಾರ್ಥಿಗಳು ಬರೆಯುವ ಪ್ರಬಂಧಗಳಲ್ಲಿ ಈಚಿನ ವರ್ಷಗಳಲ್ಲಿ ಒಂದು ಬಗೆಯ ನಕ್ಷೆ ಪದೇ ಪದೇ ಕಾಣಬರುತ್ತಿದೆ. ಪಶ್ಚಿಮ ಘಟ್ಟಗಳ ರೇಖಾಕೃತಿಯೊಂದು. ಅದರ ಮೇಲೆ ಕೆಂಪಿನಿಂದ ನೀಲಿಯವರೆಗೆ ಹರಡಿದ ಬಣ್ಣ. ಕೆಂಪಿದ್ದಲ್ಲಿ ಆ ಪ್ರಾಣಿ ಇರುವ ಸಂಭವ ಹೆಚ್ಚು, ನೀಲಿಯಿದ್ದಲ್ಲಿ ಕಡಮೆ. ನಕ್ಷೆ ನೋಡಲು ಅಂದವಾಗಿರುತ್ತದೆ. ಕೆಳಗೆ ಅದರ ಯಶಸ್ಸನ್ನು ಸಾರುವ ಒಂದು ಅಂಕಿಯೂ ಇರುತ್ತದೆ. ಆದರೆ ಮೋಟಾರು ರಸ್ತೆಗಳ ನಕ್ಷೆಯನ್ನು ಪಕ್ಕದಲ್ಲಿಟ್ಟು ಹೋಲಿಸಿದರೆ, ಕೆಂಪು ಬಣ್ಣ ಪ್ರಾಣಿಯನ್ನು ಹಿಂಬಾಲಿಸಿದೆಯೋ ರಸ್ತೆಯನ್ನು ಹಿಂಬಾಲಿಸಿದೆಯೋ ಎಂಬ ಸಂದೇಹ ಅನೇಕ ವೇಳೆ ಹುಟ್ಟುತ್ತದೆ. ಈ ಸಂದೇಹವನ್ನು ಬಿಡಿಸಿಕೊಳ್ಳುವ ಬಗೆ ಹೇಗೆ, ಎಲ್ಲಿಯವರೆಗೆ ಅದನ್ನು ಬಿಡಿಸಿಕೊಳ್ಳಲು ಸಾಧ್ಯ ಎಂಬುದನ್ನು ಪ್ರಕೃತ ಲೇಖನದಲ್ಲಿ ವಿವರಿಸಲು ಯತ್ನಿಸುತ್ತೇವೆ.

ನಕ್ಷೆಯ ಮೇಲಣ ಒಂದು ಚುಕ್ಕೆ ಎರಡು ಸಂಗತಿಗಳನ್ನು ಒಟ್ಟಿಗೆ ಹೇಳುತ್ತದೆ : ಅಲ್ಲಿ ಹಕ್ಕಿಯಿತ್ತು, ಅದನ್ನು ಗುರುತಿಸಬಲ್ಲ ಮನುಷ್ಯನೊಬ್ಬನೂ ಅಲ್ಲಿಗೆ ಹೋಗಿದ್ದನು. ಚುಕ್ಕೆಯಿಲ್ಲದ ಸ್ಥಳವಾದರೋ ಖಚಿತವಾಗಿ ಏನನ್ನೂ ಹೇಳುವುದಿಲ್ಲ. ಹಕ್ಕಿ ಅಲ್ಲಿ ಬದುಕಲಾರದೆ ಇರಬಹುದು. ಬದುಕಬಲ್ಲುದಾದರೂ ಅಲ್ಲಿಗೆ ಎಂದೂ ತಲಪದೆ ಇರಬಹುದು. ಇದ್ದರೂ ಯಾರೂ ನೋಡದೆ ಹೋಗಿರಬಹುದು. ಈ ಮೂರು ಬಗೆಯ ಬರಿದುಗಳನ್ನು ಒಂದೇ ಎಂದು ಎಣಿಸಿದಾಗ ತಪ್ಪು ನಕ್ಷೆ ಹುಟ್ಟುತ್ತದೆ.

ಒಂದು ಪ್ರಾಣಿ ಇಂಥಲ್ಲಿಯೇ ಏಕೆ ಇದೆ ಎಂಬ ಪ್ರಶ್ನೆಯೇನೂ ಹೊಸದಲ್ಲ. 1917ರಲ್ಲಿ ಜೋಸೆಫ್ ಗ್ರಿನೆಲ್ ಕ್ಯಾಲಿಫೋರ್ನಿಯದ ಥ್ರಾಷರ್ ಎಂಬ ಹಕ್ಕಿಯನ್ನು ಕುರಿತು ಬರೆಯುತ್ತ, ಹವೆ, ಪೊದೆ, ಆಹಾರಗಳ ಯಾವ ಕಟ್ಟುಪಾಡಿನೊಳಗೆ ಅದು ಬಾಳುತ್ತದೆಂಬುದನ್ನು ವಿವೇಚಿಸಿದನು. ಪ್ರಾಣಿ ಬದುಕಬಲ್ಲ ಸನ್ನಿವೇಶಗಳ ಸಮಷ್ಟಿ ಬೇರೆ, ಅದು ವಾಸ್ತವವಾಗಿ ಬದುಕಿರುವ ಸನ್ನಿವೇಶಗಳು ಬೇರೆ ಎಂಬ ಭೇದವನ್ನು 1957ರಲ್ಲಿ ಹಚಿನ್‌ಸನ್ ಸ್ಪಷ್ಟಪಡಿಸಿದನು. 1986ರಲ್ಲಿ ಹೆನ್ರಿ ನಿಕ್ಸ್ ಆಸ್ಟ್ರೇಲಿಯದ ವಿಷಸರ್ಪಗಳ ನೆಲೆಗಳಿಂದ ಅವುಗಳ ಹವೆಯ ಮೇರೆಗಳನ್ನು ಲೆಕ್ಕಹಾಕಿ, ಆ ಮೇರೆಗಳಿಂದ ವ್ಯಾಪ್ತಿಯನ್ನು ಊಹಿಸಿದನು. ಈಗ ಬಹುವಾಗಿ ಬಳಕೆಯಲ್ಲಿರುವುದು ಫಿಲಿಪ್ಸ್, ಆಂಡರ್‌ಸನ್, ಶಪೈರ್ ಎಂಬವರು 2006ರಲ್ಲಿ ವಿವರಿಸಿದ ‘ಮ್ಯಾಕ್ಸೆಂಟ್’ ಎಂಬ ಗಣಕ ವಿಧಾನ. ಇಂಥ ವಿಧಾನಗಳಿಂದ ದೊರೆಯುವ ಗಣಿತರೂಪವನ್ನು ಸಂಶೋಧಕರು ವಾಡಿಕೆಯಲ್ಲಿ ಮಾಡೆಲ್ ಎನ್ನುತ್ತಾರೆ. ನಾವು ಅದನ್ನು ‘ಪ್ರತಿರೂಪ’ ಎಂದು ಕರೆಯುತ್ತೇವೆ.

ಮ್ಯಾಕ್ಸೆಂಟಿನ ಒಳಗಣ ಯುಕ್ತಿಯನ್ನು ಸರಳವಾಗಿ ಹೀಗೆ ಹೇಳಬಹುದು. ಪ್ರದೇಶವನ್ನು ಚೌಕಗಳಾಗಿ ವಿಭಾಗಿಸುತ್ತಾರೆ. ಒಂದೊಂದು ಚೌಕಕ್ಕೂ ಉಷ್ಣತೆ, ಮಳೆ ಮುಂತಾದವುಗಳ ಬೆಲೆಗಳು ತಿಳಿದಿವೆ. ಹಕ್ಕಿ ಕಂಡ ಚೌಕಗಳ ಸರಾಸರಿ ಉಷ್ಣತೆ, ಸರಾಸರಿ ಮಳೆ ಇತ್ಯಾದಿಗಳಿಗೆ ಹೊಂದಿಕೊಂಡೂ, ಉಳಿದ ವಿಷಯಗಳಲ್ಲಿ ಸಾಧ್ಯವಾದಷ್ಟು ಸಮನಾಗಿ ಹರಡಿರುವ ಹಂಚಿಕೆಯನ್ನು ಗಣಕವು ಹುಡುಕುತ್ತದೆ. ‘ಸಮನಾಗಿ’ ಎಂದರೆ ಯಾವುದಕ್ಕೆ ಸಮನಾಗಿ? ನಾವು ಒದಗಿಸಿದ ಹಿನ್ನೆಲೆಗೆ. ಹಿನ್ನೆಲೆಯೆಂದರೆ ಪ್ರದೇಶದಿಂದ ಯಾದೃಚ್ಛಿಕವಾಗಿ ಆಯ್ದ ಚೌಕಗಳ ಗುಂಪು, ವಾಡಿಕೆಯಲ್ಲಿ 10,000. ಕೊನೆಗೆ ಹೊರಬೀಳುವ ಉತ್ತರವು ಚುಕ್ಕೆಗಳಿಗೂ ಹಿನ್ನೆಲೆಗೂ ಇರುವ ವ್ಯತ್ಯಾಸವೇ ಹೊರತು ಬೇರೆಯಲ್ಲ. ಆದುದರಿಂದ ಹಿನ್ನೆಲೆಯನ್ನು ಎಲ್ಲಿಂದ ಆರಿಸಬೇಕೆಂಬ ನಿರ್ಣಯ ಸಣ್ಣ ವಿಷಯವಲ್ಲ. ವಿದ್ಯಾರ್ಥಿಗಳು ಹವಾಗುಣದ 19 ಅಂಶಗಳಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕೆಂದು ವಾರಗಟ್ಟಲೆ ತಲೆ ಕೆಡಿಸಿಕೊಂಡು, ಹಿನ್ನೆಲೆಯನ್ನು ಮಾತ್ರ ಗಣಕದ ಇಷ್ಟಕ್ಕೆ ಬಿಟ್ಟುಬಿಡುವುದನ್ನು ನಾವು ಮತ್ತೆ ಮತ್ತೆ ಕಂಡಿದ್ದೇವೆ.

ಚರ್ಚೆ ಗಾಳಿಯಲ್ಲಿ ತೇಲದಂತೆ ಒಂದು ಹಕ್ಕಿಯನ್ನು ಮುಂದಿಟ್ಟುಕೊಳ್ಳುವುದು ಒಳ್ಳೆಯದು. ದಕ್ಷಿಣದ ಎತ್ತರದ ಬೆಟ್ಟಗಳ ಶೋಲಾ ಕಾಡುಗಳಲ್ಲಿ, ನೆಲಕ್ಕೆ ಸಮೀಪವಾಗಿ, ಕತ್ತಲು ಕವಿದ ಪೊದೆಗಳಲ್ಲಿ ಶೋಲಾಕಿಳಿ ಎಂಬ ಸಣ್ಣ ಹಕ್ಕಿ ವಾಸಿಸುತ್ತದೆ. ಉತ್ತರದ ಪ್ರಭೇದವಾದ ನೀಲಗಿರಿ ಶೋಲಾಕಿಳಿಗೆ ಹೊಟ್ಟೆಯ ಇಕ್ಕೆಲಗಳಲ್ಲಿ ಇಟ್ಟಿಗೆಗೆಂಪು ಬಣ್ಣವಿದೆ. ಅದು ನೀಲಗಿರಿಯಿಂದ ಉತ್ತರಕ್ಕೆ ನಮ್ಮ ಬಾಬಾಬುಡನ್‌ಗಿರಿಯವರೆಗೆ ಅಲ್ಲಲ್ಲಿ ಕಂಡುಬರುತ್ತದೆ. ದಕ್ಷಿಣದ ಬಿಳಿಹೊಟ್ಟೆಯ ಶೋಲಾಕಿಳಿಗೆ ಆ ಕೆಂಪಿಲ್ಲ; ಅದು ಆನೈಮಲೆ, ಪಳನಿ ಮೊದಲಾದ ಬೆಟ್ಟಗಳದು. ಎರಡರ ನಡುವೆ ಪಾಲಕ್ಕಾಡಿನ ಕಂಡಿಯಿದೆ. ಪಶ್ಚಿಮ ಘಟ್ಟಗಳ ಸಾಲು ಸುಮಾರು 30ರಿಂದ 40 ಕಿಲೋಮೀಟರ್ ಅಗಲಕ್ಕೆ ಕಡಿದುಹೋಗಿ, ಬಿಸಿಗಾಳಿಯ ತಗ್ಗು ಬಯಲಾಗಿರುವ ಸ್ಥಳವದು. ಹಿಂದೆ ಈ ಎರಡನ್ನೂ ಒಂದೇ ಪ್ರಭೇದದ ಎರಡು ಉಪಪ್ರಭೇದಗಳೆಂದು ಎಣಿಸುತ್ತಿದ್ದರು. 2005ರಲ್ಲಿ ರಾಸ್‌ಮುಸ್ಸೆನ್ ಮತ್ತು ಆಂಡರ್‌ಟನ್ ತಮ್ಮ ಗ್ರಂಥದಲ್ಲಿ ಇವನ್ನು ಪ್ರತ್ಯೇಕಿಸಿದರು; 2017ರಲ್ಲಿ ವಿ. ವಿ. ರಾಬಿನ್ ಮತ್ತು ಸಹೋದ್ಯೋಗಿಗಳು ವಂಶವಾಹಿಗಳ ಅಧ್ಯಯನದಿಂದ ಇವುಗಳಿಗಾಗಿ ‘ಶೋಲಿಕೋಲ’ ಎಂಬ ಹೊಸ ಜಾತಿಯನ್ನೇ ಸ್ಥಾಪಿಸಿದರು. ಹಳೆಯ ದಾಖಲೆಗಳಲ್ಲಿ ಎರಡೂ ಒಂದೇ ಹೆಸರಿನಡಿಯಲ್ಲಿ ಬೆರೆತಿರುವುದರಿಂದ, ಸ್ಥಳವನ್ನು ನೋಡದೆ ಹೆಸರನ್ನಷ್ಟೇ ನೋಡಿ ಚುಕ್ಕೆಗಳನ್ನು ಕೂಡಿಹಾಕುವವನು ಮೊದಲ ಹೆಜ್ಜೆಯಲ್ಲಿಯೇ ಎಡವುತ್ತಾನೆ.

ಈಗ ವೀಕ್ಷಕನ ಕಡೆಗೆ ತಿರುಗೋಣ. ಸಲೀಂ ಅಲಿಯವರು 1939–40ರಲ್ಲಿ ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆ ನಡೆಸಿದಾಗ, ಆ ಕಾಲದ ಎಲ್ಲ ಸಮೀಕ್ಷೆಗಳಂತೆ, ಬಿಡಾರ ಹೂಡಲು ಅನುಕೂಲವಾದ ಸ್ಥಳಗಳಿಂದ ಕೆಲಸ ನಡೆಯಿತು. ಆದರೂ ಅದು ಒಂದು ಯೋಜನೆಗೆ ಒಳಪಟ್ಟ ಕೆಲಸ. ಎಲ್ಲಿ ಎಷ್ಟು ದಿನ ತಂಗಿದ್ದರೆಂಬುದು ಬರಹದಲ್ಲಿ ಉಳಿಯುತ್ತಿತ್ತು. ಇಂದಿನ ದಾಖಲೆಗಳ ಬಹುಭಾಗ ಬರುವುದು ಹವ್ಯಾಸಿಗಳಿಂದ. ಕಾರ್ನೆಲ್ ವಿಶ್ವವಿದ್ಯಾನಿಲಯದ ಪಕ್ಷಿ ಪ್ರಯೋಗಾಲಯ 2002ರಲ್ಲಿ ಆರಂಭಿಸಿದ ‘ಇ-ಬರ್ಡ್’ ಸಂಗ್ರಹಕ್ಕೆ ನಮ್ಮ ದೇಶದ ಸಾವಿರಾರು ವೀಕ್ಷಕರು ತಮ್ಮ ಪಟ್ಟಿಗಳನ್ನು ಸಲ್ಲಿಸುತ್ತಾರೆ. ಇದು ದೊಡ್ಡ ಉಪಕಾರ. ಇದನ್ನು ಹಗುರವಾಗಿ ಕಾಣುವ ಪಂಡಿತರ ಮಾತು ನಮಗೆ ಒಪ್ಪಿಗೆಯಿಲ್ಲ. ಆದರೆ ಹವ್ಯಾಸಿಯು ರಜೆಯ ದಿನ, ರಸ್ತೆಯಿರುವಲ್ಲಿ, ವಸತಿಗೃಹವಿರುವಲ್ಲಿ, ಹಕ್ಕಿ ಸಿಕ್ಕೀತೆಂಬ ಖ್ಯಾತಿಯಿರುವಲ್ಲಿ ಹೋಗುತ್ತಾನೆ. ಉದಕಮಂಡಲದ ಸುತ್ತ, ಮುನ್ನಾರಿನ ಸುತ್ತ, ಮುಳ್ಳಯ್ಯನಗಿರಿಯ ರಸ್ತೆಯ ಬದಿಯಲ್ಲಿ ಚುಕ್ಕೆಗಳು ಒತ್ತಾಗುತ್ತವೆ. ಎರಡು ದಿನ ನಡೆದು ತಲಪಬೇಕಾದ ಕಣಿವೆ ಬರಿದಾಗಿ ಉಳಿಯುತ್ತದೆ. ಇದು ನಮ್ಮಲ್ಲಿ ಮಾತ್ರ ಇರುವ ದೋಷವೂ ಅಲ್ಲ. ಆಫ್ರಿಕದ ಹಾಡುಹಕ್ಕಿಗಳ ದಾಖಲೆಗಳು ನಗರಗಳ, ರಸ್ತೆಗಳ, ನದಿಗಳ ಅಂಚಿನಲ್ಲಿ ಗುಂಪುಗೂಡಿವೆಯೆಂದು ಸುಶ್ಮಾ ರೆಡ್ಡಿ ಮತ್ತು ಡಾವಲೊಸ್ 2003ರಲ್ಲಿ ತೋರಿಸಿದರು.

ಈ ಗುಂಪುಗೂಡಿಕೆ ಪ್ರತಿರೂಪವನ್ನು ಎಷ್ಟು ಕೆಡಿಸಬಲ್ಲುದೆಂಬುದನ್ನು ಒಂದು ಕಲ್ಪಿತ ಲೆಕ್ಕದಿಂದ ತಿಳಿಯಬಹುದು. ಬೆಟ್ಟದ ಸೀಮೆಯೊಂದರಲ್ಲಿ 1,000 ಚೌಕಗಳಿವೆ ಎಂದಿಟ್ಟುಕೊಳ್ಳೋಣ. 200 ಚೌಕಗಳು ರಸ್ತೆಗೆ ಸಮೀಪ, 800 ಒಳನಾಡಿನವು. ಹಕ್ಕಿಗೆ ರಸ್ತೆಯ ಗೊಡವೆಯಿಲ್ಲ : ರಸ್ತೆಯ ಬಳಿಯ ಅರ್ಧದಷ್ಟು ಚೌಕಗಳಲ್ಲಿ, ಅಂದರೆ 100ರಲ್ಲಿ, ಮತ್ತು ಒಳನಾಡಿನ ಅರ್ಧದಷ್ಟು, ಅಂದರೆ 400ರಲ್ಲಿ ಅದಿದೆ. ವೀಕ್ಷಕರು ರಸ್ತೆಯ ಬಳಿ ನೂರಕ್ಕೆ 80 ಚೌಕಗಳಿಗೆ ಹೋಗಿದ್ದಾರೆ, ಒಳನಾಡಿನಲ್ಲಿ ನೂರಕ್ಕೆ 5ಕ್ಕೆ ಮಾತ್ರ. ಹೋದಲ್ಲೆಲ್ಲ ಇದ್ದ ಹಕ್ಕಿಯನ್ನು ಕಂಡರೆಂದೇ ಭಾವಿಸಿದರೂ, ದಾಖಲೆಗಳು ರಸ್ತೆಯ ಬಳಿ 80, ಒಳನಾಡಿನಲ್ಲಿ 20. ಇಡೀ ಸೀಮೆಯಿಂದ ಸಮನಾಗಿ ಆಯ್ದ ಹಿನ್ನೆಲೆಯಲ್ಲಿ ರಸ್ತೆಯ ಬಳಿಯ ಚೌಕಗಳ ಪಾಲು ನೂರಕ್ಕೆ 20, ಒಳನಾಡಿನ ಪಾಲು 80. ದಾಖಲೆಯ ಪಾಲನ್ನು ಹಿನ್ನೆಲೆಯ ಪಾಲಿನಿಂದ ಭಾಗಿಸಿದರೆ ರಸ್ತೆಯ ಬಳಿ 4, ಒಳನಾಡಿನಲ್ಲಿ ಕಾಲು. ರಸ್ತೆಯ ಬದಿ ಒಳಗಾಡಿಗಿಂತ 16 ಪಾಲು ಉತ್ತಮವೆಂದು ಪ್ರತಿರೂಪ ಹೇಳುತ್ತದೆ; ಸತ್ಯವೇನೆಂದರೆ ಎರಡೂ ಸಮ. ರಸ್ತೆಯನ್ನು ಲೆಕ್ಕದಲ್ಲಿ ಸೇರಿಸಲಿಲ್ಲವಲ್ಲ ಎಂದು ಸಮಾಧಾನ ತಾಳುವಂತಿಲ್ಲ. ರಸ್ತೆಗಳು ಕಣಿವೆಗಳಲ್ಲಿ, ಚಹ ತೋಟಗಳ ನಡುವೆ, ಮಧ್ಯಮ ಎತ್ತರಗಳಲ್ಲಿ ಹಾಯುತ್ತವೆ. ಆ ಎತ್ತರದ ಉಷ್ಣತೆಯೇ ರಸ್ತೆಯ ವೇಷ ಧರಿಸಿ ಪ್ರತಿರೂಪದೊಳಕ್ಕೆ ಬರುತ್ತದೆ.

ಇದಕ್ಕೆ ಫಿಲಿಪ್ಸ್ ಮತ್ತು ಸಂಗಡಿಗರು 2009ರಲ್ಲಿ ಸೂಚಿಸಿದ ಪರಿಹಾರ ಸುಲಭವೂ ಜಾಣತನದ್ದೂ ಆಗಿದೆ. ಹಿನ್ನೆಲೆಯನ್ನು ಇಡೀ ಸೀಮೆಯಿಂದ ಆಯದೆ, ಅದೇ ವೀಕ್ಷಕರು ಅದೇ ರೀತಿಯಲ್ಲಿ ದಾಖಲಿಸಿದ ಬಳಗದ ಎಲ್ಲ ಪ್ರಭೇದಗಳ ನೆಲೆಗಳಿಂದ ಆಯಬೇಕು. ಶೋಲಾಕಿಳಿಗೆ ಹಿನ್ನೆಲೆಯಾಗಿ, ಆ ಬೆಟ್ಟಗಳಲ್ಲಿ ಯಾವ ಹಕ್ಕಿಯ ಪಟ್ಟಿಯಾದರೂ ಬಂದಿರುವ ಚೌಕಗಳನ್ನು ತೆಗೆದುಕೊಂಡರಾಯಿತು. ಮೇಲಣ ಲೆಕ್ಕದಲ್ಲಿ ವೀಕ್ಷಕರು ಹೋದ ಚೌಕಗಳು ರಸ್ತೆಯ ಬಳಿ 160, ಒಳನಾಡಿನಲ್ಲಿ 40. ಪಾಲುಗಳು 80 ಮತ್ತು 20. ಭಾಗಿಸಿದರೆ ಎರಡು ಕಡೆಯೂ 1 ಬರುತ್ತದೆ. ಚುಕ್ಕೆಗಳಲ್ಲಿದ್ದ ಪಕ್ಷಪಾತವೇ ಹಿನ್ನೆಲೆಯಲ್ಲಿಯೂ ಇರುವುದರಿಂದ ಒಂದನ್ನೊಂದು ಕಳೆಯಿತು.

ಪರಿಹಾರಕ್ಕೂ ಪಥ್ಯವುಂಟು. ವೀಕ್ಷಕರು ಹಕ್ಕಿ ಸಮೃದ್ಧವಾಗಿರುವ ಕಡೆಗೇ ಹೋಗುವವರಾದರೆ, ಅವರ ಓಡಾಟದಲ್ಲಿಯೇ ಹಕ್ಕಿಯ ನಿಜವಾದ ಒಲವು ಸೇರಿರುತ್ತದೆ. ಅದನ್ನು ಭಾಗಿಸಿ ತೆಗೆದಾಗ ದೋಷದೊಡನೆ ಸತ್ಯವೂ ಸ್ವಲ್ಪ ತೊಳೆದುಹೋಗುತ್ತದೆ. ಶೋಲಾದ ಅಪರೂಪದ ಹಕ್ಕಿಗಳಿಗಾಗಿಯೇ ಜನ ನೀಲಗಿರಿ ಹತ್ತುವುದರಿಂದ ಈ ಶಂಕೆ ಇಲ್ಲಿ ಬರಿಯ ತರ್ಕವಲ್ಲ. ಜೊತೆಗೆ, ಯಾರೂ ಹೋಗದ ಹವೆಯ ಪ್ರಾಂತದ ಬಗ್ಗೆ ಈ ವಿಧಾನ ಏನನ್ನೂ ಕಲಿಸದು. 40 ಚೌಕಗಳ ಬದಲು ಒಳನಾಡಿಗೆ ಒಬ್ಬನೂ ಹೋಗಿರದಿದ್ದರೆ ಭಾಗಿಸುವುದಕ್ಕೇ ಏನೂ ಇರುತ್ತಿರಲಿಲ್ಲ.

ಒತ್ತಾದ ಚುಕ್ಕೆಗಳನ್ನು ತೆಳುಮಾಡುವುದು, ಅಂದರೆ ಗೊತ್ತಾದ ದೂರದೊಳಗೆ ಒಂದೇ ಚುಕ್ಕೆ ಉಳಿಯುವಂತೆ ಮಿಕ್ಕವನ್ನು ತೆಗೆದುಹಾಕುವುದು, ಇನ್ನೊಂದು ವಿಧಾನ, ಬಹಳ ಜನಪ್ರಿಯ. ಉದಕಮಂಡಲದ ಒಂದೇ ಉದ್ಯಾನದಿಂದ ಬಂದ ನೂರು ಪಟ್ಟಿಗಳು ನೂರು ಸಾಕ್ಷಿಗಳಲ್ಲವೆಂಬುದು ನಿಜ. ಅಷ್ಟರಮಟ್ಟಿಗೆ ಇದು ಅವಶ್ಯ. ಆದರೆ ತೆಳುಮಾಡುವಿಕೆ ಇರುವ ಚುಕ್ಕೆಗಳನ್ನು ಅಳಿಸಬಲ್ಲುದಲ್ಲದೆ, ಇಲ್ಲದ ಭೇಟಿಯನ್ನು ಸೃಷ್ಟಿಸಲಾರದು. ಶೋಲಾಕಿಳಿಯಂತೆ ದಾಖಲೆಗಳೇ ಕಡಮೆಯಿರುವ ಪ್ರಭೇದಕ್ಕೆ ಇದು ದುಬಾರಿಯೂ ಹೌದು. ಮೂರನೆಯ ಮಾರ್ಗವನ್ನು ವಾರ್ಟನ್ ಮತ್ತು ಸಹೋದ್ಯೋಗಿಗಳು 2013ರಲ್ಲಿ ವಿವರಿಸಿದರು : ರಸ್ತೆಯಿಂದ ದೂರವನ್ನು ಪ್ರತಿರೂಪದೊಳಗೆ ಒಂದು ಅಂಶವಾಗಿ ಸೇರಿಸಿ, ನಕ್ಷೆ ಬರೆಯುವಾಗ ಎಲ್ಲ ಚೌಕಗಳೂ ರಸ್ತೆಗೆ ಒಂದೇ ದೂರದಲ್ಲಿವೆಯೆಂದು ಭಾವಿಸುವುದು. ಎತ್ತರವೂ ರಸ್ತೆಯೂ ಬಿಡಿಸಲಾಗದಂತೆ ಹೆಣೆದುಕೊಂಡಿರುವ ಬೆಟ್ಟಗಳಲ್ಲಿ ಇದು ಎಷ್ಟು ಸಫಲವಾದೀತೆಂಬುದನ್ನು ಆಯಾ ಸೀಮೆಯಲ್ಲಿ ಪರೀಕ್ಷಿಸಿಯೇ ನೋಡಬೇಕು. ನಮ್ಮ ಒಲವು ಮೊದಲನೆಯ ವಿಧಾನದ ಕಡೆಗೆ.

ಇಷ್ಟಾದರೂ ಹೋದಲ್ಲೆಲ್ಲ ಹಕ್ಕಿ ಕಂಡಿತೆಂಬ ನಮ್ಮ ಕಲ್ಪನೆ ಸುಳ್ಳು. ಶೋಲಾಕಿಳಿ ಪೊದೆಯೊಳಗೆ ಅಡಗುವ ಹಕ್ಕಿ. ಹಾಡದ ಕಾಲದಲ್ಲಿ ಅದರ ಬದಿಯಲ್ಲಿಯೇ ನಡೆದುಹೋದರೂ ತಿಳಿಯದು. ಒಂದು ಭೇಟಿಯಲ್ಲಿ ಅದು ಪತ್ತೆಯಾಗುವ ಸಂಭವ ಹತ್ತಕ್ಕೆ ನಾಲ್ಕು ಎಂದಿಟ್ಟುಕೊಂಡರೆ, ಮೂರು ಭೇಟಿಗಳಲ್ಲಿಯೂ ತಪ್ಪಿಹೋಗುವ ಸಂಭವ 0.6ರ ಘನ, ಎಂದರೆ ಸುಮಾರು 0.22. ಹಕ್ಕಿಯಿರುವ ನೂರು ಚೌಕಗಳಲ್ಲಿ 22 ಬರಿದೆಂದು ಬರೆಯಲ್ಪಡುತ್ತವೆ. 2002ರಲ್ಲಿ ಮೆಕೆನ್ಜಿ ಮತ್ತು ಸಂಗಡಿಗರು ಪುನರಾವೃತ್ತ ಭೇಟಿಗಳಿಂದ ಈ ಸಂಭವವನ್ನೇ ಅಂದಾಜು ಮಾಡುವ ಕ್ರಮವನ್ನು ಕೊಟ್ಟರು. ಅದಕ್ಕೆ ಬೇಕಾದುದು ಹಕ್ಕಿ ಕಾಣದ ಭೇಟಿಯ ದಾಖಲೆ. ಕಂಡ ಹಕ್ಕಿಗಳನ್ನೆಲ್ಲ ಬರೆದ ಪೂರ್ಣಪಟ್ಟಿಯಲ್ಲಿ ಇಂಥ ಮೌನಸಾಕ್ಷ್ಯವಿರುತ್ತದೆ. ಅಪರೂಪದ್ದನ್ನು ಮಾತ್ರ ಬರೆದ ಟಿಪ್ಪಣಿಯಲ್ಲಿ ಇರುವುದಿಲ್ಲ. ಹಳೆಯ ವಸ್ತುಸಂಗ್ರಹಾಲಯಗಳ ಚೀಟಿಗಳಲ್ಲಿ ಇನ್ನೊಂದು ತೊಡಕಿದೆ. ಚೀಟಿಯಲ್ಲಿ ಬರೆದದ್ದು ಪಟ್ಟಣದ ಹೆಸರು, ಹಕ್ಕಿ ಸಿಕ್ಕಿದ್ದು ಅಲ್ಲಿಂದ ಎಷ್ಟೋ ದೂರದ ಕಮರಿಯಲ್ಲಿ. 500 ಮೀಟರ್ ಎತ್ತರದ ವ್ಯತ್ಯಾಸವೆಂದರೆ ಸುಮಾರು 3 ಡಿಗ್ರಿ ಉಷ್ಣತೆಯ ವ್ಯತ್ಯಾಸ. ಬೆಟ್ಟದ ಸೀಮೆಯಲ್ಲಿ ಅಷ್ಟು ಏರಿಳಿತಕ್ಕೆ ಕೆಲವೇ ಕಿಲೋಮೀಟರ್ ಸಾಕು. 1 ಕಿಲೋಮೀಟರ್ ಚೌಕದ ಹವಾಮಾನ ಕೋಷ್ಟಕದೊಡನೆ ಇಂಥ ದಾಖಲೆಯನ್ನು ಬೆಸೆಯುವುದು ಅಳತೆಗೋಲಿನ ಸೂಕ್ಷ್ಮತೆಯನ್ನು ನಂಬಿ ಅಳತೆಯಲ್ಲಿಯೇ ಮೋಸಹೋದಂತೆ.

ಇನ್ನು ವ್ಯಾಪ್ತಿಯ ಎಲ್ಲೆಯ ಮಾತು. ನೀಲಗಿರಿ ಶೋಲಾಕಿಳಿಯ ದಾಖಲೆಗಳಿಂದ ಕಟ್ಟಿದ ಹವೆಯ ಪ್ರತಿರೂಪವೊಂದು ಆನೈಮಲೆಯನ್ನೂ ಮುನ್ನಾರಿನ ಎತ್ತರದ ಬೆಟ್ಟಗಳನ್ನೂ ಕೆಂಪಾಗಿ ತೋರಿಸಿದರೆ ಆಶ್ಚರ್ಯವಿಲ್ಲ. ದೊಡ್ಡಬೆಟ್ಟದ ಎತ್ತರ 2,637 ಮೀಟರ್, ಆನೈಮುಡಿಯದು 2,695. ಮಂಜು, ಮಳೆ, ಚಳಿ, ಶೋಲಾ ಕಾಡು ಎರಡು ಕಡೆಯೂ ಉಂಟು. ಆದರೆ ಈ ಪ್ರಭೇದ ಅಲ್ಲಿಲ್ಲ; ಅದರ ಸೋದರ ಪ್ರಭೇದವಿದೆ. ಇದನ್ನು ಪ್ರತಿರೂಪದ ಸೋಲೆಂದು ತಿಳಿದು, ದಕ್ಷಿಣದ ಬೆಟ್ಟಗಳನ್ನು ‘ಹಕ್ಕಿಯಿಲ್ಲದ’ ಹಿನ್ನೆಲೆಯಾಗಿ ಸೇರಿಸಿ ತಿದ್ದಲು ಹೊರಟರೆ, ಗಣಕವು ಆನೈಮಲೆಯ ಹವೆಗೂ ನೀಲಗಿರಿಯ ಹವೆಗೂ ಇರುವ ಯಾವುದೋ ಸಣ್ಣ ಭೇದವನ್ನು ಹೆಕ್ಕಿ, ಹಕ್ಕಿ ಆ ಹವೆಯನ್ನು ಸಹಿಸದು ಎಂದು ಕಲಿತುಬಿಡುತ್ತದೆ. ಅದು ಹೊಸ ಸುಳ್ಳು. ಹಕ್ಕಿ ಆನೈಮಲೆಯಲ್ಲಿ ಇಲ್ಲದಿರುವುದು ಹವೆಯ ಸಂಗತಿಯಲ್ಲ, ಚರಿತ್ರೆಯ ಸಂಗತಿ. ಕಂಡಿಯ ಬಿಸಿಬಯಲನ್ನು ದಾಟದೆ ಎರಡು ವಂಶಗಳು ದೀರ್ಘಕಾಲ ಬೇರೆ ಬೇರೆಯಾಗಿ ಬಾಳಿವೆ. ಇನ್ನೂ ದಕ್ಷಿಣಕ್ಕೆ, ಶೆಂಕೋಟೆಯ ಕಂಡಿಯ ಆಚೆಗಿನ ಆಶಾಂಬು ಬೆಟ್ಟಗಳ ಶೋಲಾಕಿಳಿಯನ್ನೂ 2017ರ ಅಧ್ಯಯನ ಪ್ರತ್ಯೇಕವೆಂದು ವರ್ಣಿಸಿದ್ದು ಇದೇ ಮಾತನ್ನು ಬಲಪಡಿಸುತ್ತದೆ.

ಆದಕಾರಣ ಹಿನ್ನೆಲೆಯ ಸೀಮೆಯು ಪ್ರಾಣಿಯು ತನ್ನ ವಂಶದ ಚರಿತ್ರೆಯಲ್ಲಿ ತಲಪಬಹುದಾಗಿದ್ದ ಪ್ರದೇಶಕ್ಕೆ ಸೀಮಿತವಾಗಿರತಕ್ಕದ್ದು. ಇದನ್ನು ಸೊಬೆರೊನ್ ಮತ್ತು ಪೀಟರ್‌ಸನ್ 2005ರಲ್ಲಿ ತತ್ತ್ವರೂಪವಾಗಿ ನಿರೂಪಿಸಿದರು. ನಾರಾಯಣಿ ಬರ್ವೆ ಮತ್ತು ಸಹೋದ್ಯೋಗಿಗಳು 2011ರಲ್ಲಿ ಅದರ ಪರಿಣಾಮಗಳನ್ನು ವಿಸ್ತರಿಸಿದರು. ನಮ್ಮ ಉದಾಹರಣೆಯಲ್ಲಿ ಕಂಡಿಯ ಉತ್ತರದ ಬೆಟ್ಟಗಳು ಮತ್ತು ಅವುಗಳ ನಡುವಣ ತಗ್ಗುಗಳು ಹಿನ್ನೆಲೆಯಾಗಬೇಕು. ಅಲ್ಲಿ ಕಟ್ಟಿದ ಪ್ರತಿರೂಪವನ್ನು ದಕ್ಷಿಣಕ್ಕೆ ಚಾಚಿ ನೋಡಬಾರದೆಂದಲ್ಲ. ನೋಡಿದಾಗ ಕಂಡ ಕೆಂಪನ್ನು ‘ಹವೆ ಒಪ್ಪುವ, ಆದರೆ ವಾಸವಿಲ್ಲದ ನೆಲೆ’ ಎಂದು ಓದಬೇಕು, ಅಷ್ಟೆ.

ಹಿನ್ನೆಲೆಯನ್ನು ಹಿಗ್ಗಿಸುವುದರಿಂದ ಬರುವ ಇನ್ನೊಂದು ಭ್ರಮೆಯನ್ನು ಇಲ್ಲಿಯೇ ಹೇಳಬೇಕು. ಪ್ರಬಂಧಗಳ ಕೊನೆಯಲ್ಲಿ ಮೆರೆಯುವ ‘ಎ.ಯು.ಸಿ.’ ಎಂಬ ಅಂಕಿಯ ಅರ್ಥ ಇಷ್ಟೆ : ಹಕ್ಕಿ ಕಂಡ ಒಂದು ಚೌಕವನ್ನೂ ಹಿನ್ನೆಲೆಯ ಒಂದು ಚೌಕವನ್ನೂ ಕಣ್ಣುಮುಚ್ಚಿ ಎತ್ತಿಕೊಂಡರೆ, ಪ್ರತಿರೂಪ ಮೊದಲನೆಯದಕ್ಕೆ ಹೆಚ್ಚು ಅಂಕ ಕೊಡುವ ಸಂಭವ. ದಕ್ಷಿಣ ಭಾರತವನ್ನೆಲ್ಲ ಹಿನ್ನೆಲೆಯಾಗಿ ತೆಗೆದುಕೊಂಡು, ಅದರಲ್ಲಿ ಎತ್ತರದ ಬೆಟ್ಟಗಳ ಪಾಲು ನೂರಕ್ಕೆ 2 ಎಂದು ಭಾವಿಸಿ. ‘ಇದು ಬೆಟ್ಟವೋ ಬಯಲೋ’ ಎಂಬುದೊಂದನ್ನು ಬಿಟ್ಟು ಮತ್ತೇನನ್ನೂ ಅರಿಯದ ಪ್ರತಿರೂಪ ಕೂಡ ಹಿನ್ನೆಲೆಯ 98 ಬಯಲ ಚೌಕಗಳ ಮುಂದೆ ಗೆಲ್ಲುತ್ತದೆ, ಉಳಿದ 2ರ ಮುಂದೆ ಸಮವಾಗುತ್ತದೆ, ಅದರ ಎ.ಯು.ಸಿ. 0.99. ಹಿನ್ನೆಲೆಯನ್ನು ಬೆಟ್ಟಗಳಿಗೆ ಮಾತ್ರ ಸೀಮಿತಗೊಳಿಸಿದೊಡನೆ ಅದೇ ಪ್ರತಿರೂಪದ ಅಂಕಿ 0.5ಕ್ಕೆ, ಅಂದರೆ ನಾಣ್ಯ ಚಿಮ್ಮಿದ ಮಟ್ಟಕ್ಕೆ, ಇಳಿಯುತ್ತದೆ. ರಾಯಚೂರಿನ ಬಯಲಿನಲ್ಲಿ ಶೋಲಾದ ಹಕ್ಕಿಯಿಲ್ಲವೆಂದು ತಿಳಿಯಲು ಗಣಕಯಂತ್ರದ ಅಗತ್ಯವಿಲ್ಲ. ಬೆಟ್ಟದೊಳಗೆ ಯಾವ ಕಾಡಿನಲ್ಲಿದೆ, ಯಾವುದರಲ್ಲಿಲ್ಲ ಎಂಬುದೇ ಪ್ರಶ್ನೆ.

ದಕ್ಷಿಣದ ಎಲ್ಲೆ ಚರಿತ್ರೆಯದಾದರೆ ಉತ್ತರದ ಎಲ್ಲೆ ಯಾವ ಬಗೆಯದು? ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್, ಕುದುರೆಮುಖ 1,894, ಕೊಡಚಾದ್ರಿ 1,343. ಅಲ್ಲಿಂದ ಉತ್ತರಕ್ಕೆ ಉತ್ತರ ಕನ್ನಡದ ಘಟ್ಟಗಳು ಇನ್ನೂ ತಗ್ಗುತ್ತವೆ. ಹೆಚ್ಚಾಗಿ 1,400 ಮೀಟರಿಗೆ ಮೇಲ್ಪಟ್ಟ ಕಾಡನ್ನು ಬಯಸುವ ಹಕ್ಕಿಗೆ ನೆಲವೇ ಮುಗಿದುಹೋಗುತ್ತದೆ. ಇದು ಪರಿಸರದ ಎಲ್ಲೆ. ಹವೆಯ ಪ್ರತಿರೂಪ ಇದನ್ನು ಚೆನ್ನಾಗಿಯೇ ಹಿಡಿಯಬಲ್ಲುದು. ಆದರೆ ಇನ್ನೂ ಉತ್ತರದಲ್ಲಿ ಮಹಾಬಳೇಶ್ವರದ ಪ್ರಸ್ಥಭೂಮಿ ಮತ್ತೆ 1,438 ಮೀಟರಿಗೆ ಏರುತ್ತದೆ. ಅಲ್ಲಿ ಮಳೆ ವಿಪರೀತ, ಒಣಗಾಲ ಬಹು ದೀರ್ಘ. ಹಕ್ಕಿ ಅಲ್ಲಿ ಇಲ್ಲದಿರುವುದು ಒಣಗಾಲದ ದೆಸೆಯಿಂದಲೋ ದೂರದ ದೆಸೆಯಿಂದಲೋ ಎಂಬುದನ್ನು ಚುಕ್ಕೆಗಳಿಂದ ಮಾತ್ರ ನಿರ್ಧರಿಸಲಾಗದು. ಮಹಾಬಳೇಶ್ವರವನ್ನು ಹಿನ್ನೆಲೆಯಲ್ಲಿ ಸೇರಿಸಿಯೂ ಸೇರಿಸದೆಯೂ ಎರಡು ಬಾರಿ ಲೆಕ್ಕ ಮಾಡಿ, ಎರಡು ನಕ್ಷೆಗಳನ್ನೂ ಅಚ್ಚುಹಾಕಬೇಕೆಂಬುದು ನಮ್ಮ ಅಭಿಪ್ರಾಯ.

ಹಕ್ಕಿಗೂ ಬೆಟ್ಟಕ್ಕೂ ಸಂಬಂಧವಿಲ್ಲದ ಎಲ್ಲೆಯೊಂದಿದೆ. ಅದು ರಾಜ್ಯದ ಗಡಿ. ಅನುಮತಿ ದೊರೆತದ್ದು ಒಂದೇ ರಾಜ್ಯದಲ್ಲೆಂದು ಅಲ್ಲಿಯ ದಾಖಲೆಗಳಿಂದಲೇ ಪ್ರತಿರೂಪ ಕಟ್ಟುವವರುಂಟು. ಕರ್ನಾಟಕದೊಳಗೆ 1,930 ಮೀಟರಿಗಿಂತ ಎತ್ತರದ ನೆಲವೇ ಇಲ್ಲ. ಇಲ್ಲಿಯ ದಾಖಲೆಗಳನ್ನು ಮಾತ್ರ ನೋಡಿದರೆ, ಚಳಿ ಹೆಚ್ಚಿದಂತೆ ಹಕ್ಕಿ ಹೆಚ್ಚುತ್ತಲೇ ಹೋಗುತ್ತದೆಯೋ, ಎಲ್ಲಿಯಾದರೂ ನಿಂತು ಇಳಿಯುತ್ತದೆಯೋ ತಿಳಿಯುವ ಬಗೆಯಿಲ್ಲ. ರೇಖೆ ನಡುವೆ ಕತ್ತರಿಸಿಹೋಗಿರುತ್ತದೆ. ಕತ್ತರಿಸಿದ ರೇಖೆಯಿಂದ ನೀಲಗಿರಿಯ 2,600 ಮೀಟರಿನ ಸ್ಥಿತಿಯನ್ನಾಗಲಿ, 2 ಡಿಗ್ರಿ ಬಿಸಿಯಾದ ಭವಿಷ್ಯದ ಬಾಬಾಬುಡನ್‌ಗಿರಿಯನ್ನಾಗಲಿ ಊಹಿಸುವುದು ಅಪಾಯ. ಹವಾಗುಣದ ಬದಲಾವಣೆಯನ್ನು ಕುರಿತ ಪ್ರಬಂಧಗಳಲ್ಲಿ ಈ ತಪ್ಪು ಅತಿ ಸಾಮಾನ್ಯವೂ ಅತಿ ಹಾನಿಕರವೂ ಆಗಿದೆ.

ತಜ್ಞರು ಕೈಯಿಂದ ಬರೆದ ವ್ಯಾಪ್ತಿಯ ನಕ್ಷೆಗಳನ್ನು ಇದರಲ್ಲಿ ಹೇಗೆ ಬಳಸುವುದು? ನಕ್ಷೆಯ ಗೆರೆಯ ಹೊರಗಿದ್ದುದನ್ನೆಲ್ಲ ಕತ್ತರಿಯಿಂದ ಕತ್ತರಿಸಿದಂತೆ ತೆಗೆಯುವುದು ರೂಢಿ. ಇದಕ್ಕಿಂತ ಮೇಲಾದ ಕ್ರಮವನ್ನು ಮೆರೋ ಮತ್ತು ಸಂಗಡಿಗರು 2016–17ರಲ್ಲಿ ತೋರಿಸಿದರು : ಗೆರೆಯನ್ನು ಆಜ್ಞೆಯೆಂದು ತಿಳಿಯದೆ ಸಾಕ್ಷಿಯೆಂದು ತಿಳಿದು, ಗೆರೆಯಿಂದ ದೂರ ಹೋದಂತೆ ಸಂಭವ ಕ್ರಮೇಣ ಕುಗ್ಗುವಂತೆ ಮಾಡುವುದು. ಎಷ್ಟು ವೇಗವಾಗಿ ಕುಗ್ಗಬೇಕೆಂಬುದು ಗೆರೆಯ ಮೇಲಣ ನಮ್ಮ ನಂಬಿಕೆಗೆ ತಕ್ಕಂತೆ. ಪಾಲಕ್ಕಾಡಿನ ಕಡೆ ಕಡಿದಾಗಿ ಇಳಿಸಬಹುದು. ಬಾಬಾಬುಡನ್‌ಗಿರಿಯ ಉತ್ತರಕ್ಕೆ ಇಳಿಜಾರಾಗಿ ಬಿಡಬೇಕು. ತಜ್ಞನ ಗೆರೆಯೂ ಇವೇ ಚುಕ್ಕೆಗಳನ್ನು ನೋಡಿ ಬರೆದದ್ದಾಗಿರಬಹುದೆಂಬುದನ್ನು ಮಾತ್ರ ಮರೆಯಲಾಗದು. ಆಗ ಒಬ್ಬನೇ ಸಾಕ್ಷಿಯನ್ನು ಎರಡು ಬಾರಿ ಕರೆದಂತಾಗುತ್ತದೆ.

ಈ ವಿಚಾರಗಳೆಲ್ಲ ಬರಿಯ ವಿಧಾನದ ಜಗಳವಲ್ಲವೆಂಬುದಕ್ಕೆ 2017ರಲ್ಲಿ ವಿಜಯ್ ರಮೇಶ್ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ ಅಧ್ಯಯನವೇ ನಿದರ್ಶನ. ಪಶ್ಚಿಮ ಘಟ್ಟಗಳಿಗೆ ಸೀಮಿತವಾದ 18 ಪಕ್ಷಿಗಳನ್ನು ಇ-ಬರ್ಡ್ ದಾಖಲೆಗಳಿಂದ ಪರಿಶೀಲಿಸಿ, ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ ಬಳಸುತ್ತಿದ್ದ ನಕ್ಷೆಗಳು 17 ಪ್ರಭೇದಗಳ ವ್ಯಾಪ್ತಿಯನ್ನು ಅತಿಯಾಗಿ ತೋರಿಸಿವೆಯೆಂದು ಅವರು ವಾದಿಸಿದರು. ಒಕ್ಕೂಟದ ಒಂದು ನಿಯಮದಂತೆ, ಇತರ ನಿಬಂಧನೆಗಳೂ ಕೂಡಿಬಂದಲ್ಲಿ, ಹೊರಗೆರೆಯ ವ್ಯಾಪ್ತಿ 20,000 ಚದರ ಕಿಲೋಮೀಟರಿಗಿಂತ ಅಥವಾ ವಾಸವಿರುವ ನೆಲ 2,000ಕ್ಕಿಂತ ಕಡಮೆಯಾದರೆ ಪ್ರಭೇದ ‘ದುರ್ಬಲ’. 5,000 ಅಥವಾ 500ಕ್ಕಿಂತ ಕಡಮೆಯಾದರೆ ‘ಅಪಾಯಗ್ರಸ್ತ’. ಒಂದು ಪ್ರತಿರೂಪದ ಹಿನ್ನೆಲೆಯ ಆಯ್ಕೆಯಿಂದ ಹಕ್ಕಿ ಈ ಗೆರೆಯ ಈಚೆಗೆ ಬೀಳಬಹುದು ಅಥವಾ ಆಚೆಗೆ ಉಳಿಯಬಹುದು. ಹೊರಗೆರೆಯ ವ್ಯಾಪ್ತಿ, ವಾಸವಿರುವ ನೆಲ ಇವೆರಡೂ ಬೇರೆ ಬೇರೆ ಪರಿಮಾಣಗಳು. ಹೊರಗೆರೆ ಹಿರಿದಾಗಿರುವುದೇ ಸಹಜ. ಪ್ರತಿರೂಪ ಕೊಟ್ಟ ಕೆಂಪು ನೆಲವನ್ನು ಯಾವುದರೊಡನೆ ಹೋಲಿಸುತ್ತೇವೆಂದು ಮೊದಲೇ ಹೇಳದಿದ್ದರೆ ಎರಡು ಕಡೆಯೂ ತಪ್ಪಬಹುದು. ರಸ್ತೆಬದಿಯ ಪಕ್ಷಪಾತವನ್ನು ತಿದ್ದದ ನಕ್ಷೆ ಒಳನಾಡಿನ ಕಾಡನ್ನು ನೀಲಿಯಾಗಿ ತೋರಿಸಿದರೆ, ಆ ಕಾಡಿಗೆ ಕೊಡಲಿ ಬೀಳುವಾಗ ‘ಅಲ್ಲಿ ವಿಶೇಷವೇನೂ ಇರಲಿಲ್ಲ’ ಎಂಬ ಮಾತಿಗೆ ನಾವೇ ಆಧಾರ ಒದಗಿಸಿದಂತೆ.

ಪ್ರತಿರೂಪವನ್ನು ಪರೀಕ್ಷಿಸುವ ಬಗೆಯ ಬಗ್ಗೆ ಒಂದು ಮಾತು ಉಳಿದಿದೆ. ದಾಖಲೆಗಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ಒಂದರಿಂದ ಕಟ್ಟಿ ಇನ್ನೊಂದರಿಂದ ಪರೀಕ್ಷಿಸುವುದು ವಾಡಿಕೆ. ಆದರೆ ಎರಡು ಪಾಲೂ ಅದೇ ರಸ್ತೆಗಳ ಮೇಲಿನವು. ಪರೀಕ್ಷೆಯ ಪ್ರಶ್ನೆಗಳನ್ನು ಮೊದಲೇ ಹೇಳಿಕೊಟ್ಟ ಹಾಗೆ. ನೀಲಗಿರಿಯಲ್ಲಿ ಕಟ್ಟಿ ಕೊಡಗಿನಲ್ಲಿ ಪರೀಕ್ಷಿಸುವಂತೆ ಸೀಮೆಗಳನ್ನೇ ಬೇರ್ಪಡಿಸುವುದು ಲೇಸು. ಎಲ್ಲಕ್ಕಿಂತ ಉತ್ತಮವಾದುದು ಯೋಜನೆಯಂತೆ ನಡೆದ ಪ್ರತ್ಯೇಕ ಸಮೀಕ್ಷೆಯಿಂದ ಪರೀಕ್ಷಿಸುವುದು. 2015ರಿಂದ 2020ರವರೆಗೆ ನಡೆದ ಕೇರಳದ ಪಕ್ಷಿ ಅಟ್ಲಾಸ್ ಅಂಥದು. ಸುಮಾರು 1.1 ಕಿಲೋಮೀಟರ್ ಬದಿಯ ಏನಿಲ್ಲೆಂದರೂ 4,000 ಚೌಕಗಳನ್ನು ಮೊದಲೇ ಚೀಟಿಯೆತ್ತಿ ಆರಿಸಿ, ಮಳೆಗಾಲದಲ್ಲಿಯೂ ಒಣಗಾಲದಲ್ಲಿಯೂ ಸ್ವಯಂಸೇವಕರು ನಡೆದು ಎಣಿಸಿದರು. 361 ಪ್ರಭೇದಗಳ ಸುಮಾರು 3 ಲಕ್ಷ ದಾಖಲೆಗಳು ದೊರೆತವು. ಹಕ್ಕಿ ಕಾಣದ ಚೌಕಕ್ಕೂ ಅಲ್ಲಿ ಬೆಲೆಯುಂಟು.

ವಯನಾಡಿಗೂ ಕೊಡಗಿಗೂ ನಡುವೆ ಬ್ರಹ್ಮಗಿರಿಯ ಸಾಲಿದೆ. ಅದರ ತೆಂಕಣ ಇಳಿಜಾರು ಅಟ್ಲಾಸಿನ ಸೀಮೆಗೆ ಸೇರಿದ್ದು. ಬಡಗಣ ಇಳಿಜಾರಿನ ದಾಖಲೆಗಳು ಬಹುಮಟ್ಟಿಗೆ ಚಾರಣಿಗರ ದಾರಿಗಳಿಂದ ಬಂದವು. ಬೆಟ್ಟ ಒಂದೇ, ಮಂಜು ಒಂದೇ. ದಾಖಲೆಯ ಬಗೆ ಎರಡು. ಇಂಥ ಒಂದು ಸಾಲಿನ ಎರಡು ಮೈಗಳಲ್ಲಿ, ರಸ್ತೆಯಿಂದ ಬೇರೆ ಬೇರೆ ದೂರದ ಚೌಕಗಳನ್ನು ಚೀಟಿಯೆತ್ತಿ ಆರಿಸಿ, ಹಕ್ಕಿ ಹಾಡುವ ತಿಂಗಳುಗಳಲ್ಲಿ ಒಂದೊಂದಕ್ಕೂ ಮೂರು ಬಾರಿ ಹೋಗಿ, ಕಂಡದ್ದನ್ನೂ ಕಾಣದ್ದನ್ನೂ ಬರೆದಿಡುವ ಕೆಲಸ ಒಬ್ಬ ಸ್ನಾತಕೋತ್ತರ ವಿದ್ಯಾರ್ಥಿಯ ಒಂದು ವರ್ಷಕ್ಕೆ ಹದವಾದದ್ದು. ಅನುಮತಿಗೆ ಎರಡು ರಾಜ್ಯಗಳ ಅರಣ್ಯ ಇಲಾಖೆಗಳಿಗೆ ಮುಂಚಿತವಾಗಿಯೇ ಬರೆಯಬೇಕು. ಪ್ರಬಂಧದಲ್ಲಿ ಹಕ್ಕಿಯ ನಕ್ಷೆಯ ಎದುರು ಪುಟದಲ್ಲಿ ವೀಕ್ಷಕರು ಹೋದ ಚೌಕಗಳ ನಕ್ಷೆಯೂ ಇರಲಿ. ಯಾರೂ ಹೋಗದ ಚೌಕಗಳಿಗೆ ನೀಲಿ ಬಣ್ಣ ಬಳಿಯದೆ ಓರೆಗೆರೆಗಳನ್ನು ಎಳೆದು ತೋರಿಸಿರಲಿ.